ತೊಂಬತ್ತೊಂಬತ್ತರ ಗಾಳಿ

ತುಮಕೂರಿನ ಉಪ್ಪಾರಹಳ್ಳಿಯ ಆ ಬೀದಿಯಲ್ಲಿ ಸನ್ಮಾನ ಆಗದೆ ಉಳಿದಿದ್ದವನು ಭಾನುಪ್ರಕಾಶ ಒಬ್ಬನೇ.

ಅದು ಅವನ ತಪ್ಪಲ್ಲ. ಬಡಾವಣೆ ಹಿತರಕ್ಷಣಾ ಸಂಘದ ಅಧ್ಯಕ್ಷ ಸಿದ್ದಗಂಗಯ್ಯನವರು ನಿವೃತ್ತರಾದ ಮೇಲೆ ಹಿಡಿದ ಕೆಲಸವೆಂದರೆ ವರ್ಷಕ್ಕೊಬ್ಬರನ್ನು ಹಿಡಿದು ಸನ್ಮಾನ ಮಾಡುವುದು. ಮೊದಲು ಮೇಷ್ಟ್ರುಗಳಿಗಾಯಿತು. ಆಮೇಲೆ ನೀರು ಬಿಡುವವನಿಗೆ. ಆಮೇಲೆ ಹಾರ್ಟ್ ಆಪರೇಷನ್ ಆಗಿಯೂ ಬದುಕಿ ಬಂದವರಿಗೆ. ಕಳೆದ ವರ್ಷ ಜನ ಸಿಗದೆ, ಹತ್ತು ವರ್ಷ ಸುಡದೆ ನಿಂತಿದ್ದಕ್ಕೆ ಬೀದಿಯ ಟ್ರಾನ್ಸ್‌ಫಾರ್ಮರ್‌ಗೇ ಶಾಲು ಹೊದಿಸಿದ್ದರು. ಶಾಲು ಹೊತ್ತಿಕೊಂಡು ಎರಡು ದಿನ ಬೀದಿಗೆಲ್ಲ ಕರೆಂಟು ಇರಲಿಲ್ಲ ಎನ್ನುವುದು ಬೇರೆ ಮಾತು.

ಈ ವರ್ಷ ಭಾನುವಿನ ಸರದಿ. ಸಹಕಾರ ಸಂಘದ ಗುಮಾಸ್ತನನ್ನು ಯಾವ ಸಾಧನೆಗೆ ಸನ್ಮಾನಿಸುವುದು ಎಂದು ಅಧ್ಯಕ್ಷರು ಅವನ ಮನೆಯಲ್ಲೇ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದಾಗ, ಅವನ ಹೆಂಡತಿ ಸಂಧ್ಯಾ ಕಾಫಿ ಲೋಟ ಇಡುತ್ತ ಹೇಳಿದಳು.

“ಇವ್ರು ಬರ್ದಿದ್ದು ಇಂಗ್ಲಿಷ್ ಬುಕ್ಕಲ್ಲಿ ಬಂದೈತೆ ಸಾರ್. ವಿಡಿಯೊ ಗೇಮ್ ಬುಕ್ಕು. ತೊಂಬತ್ತೊಂಬತ್ತರ ಅಕ್ಟೋಬರ್. ಅದನ್ನ ಕೇಳೇ ನಮ್ಮಪ್ಪ ನನ್ನ ಕೊಟ್ಟಿದ್ದು.”

ಇದೊಂದು ಸುಳ್ಳು. ಹದಿನೇಳು ವರ್ಷದ ಹಿಂದೆ ಚೇಳೂರಿಗೆ ಹೆಣ್ಣು ನೋಡಲು ಹೋದಾಗ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಭಾನುವೇ ಹೇಳಿದ ಸುಳ್ಳು. “ಕೆಲ್ಸ ಬುಡಪ್ಪ, ಎಲ್ರೂ ಮಾಡ್ತಾರೆ. ಬೇರೆ ಏನ್ ಸಾಧನೆ?” ಎಂದು ಭಾವಿ ಮಾವ ಗುರುಸಿದ್ದಯ್ಯನವರು ಕೇಳಿದ್ದರು. ಭಾನುವಿಗೆ ತಕ್ಷಣ ನೆನಪಾದ ಸಾಧನೆ, ಪಿಯುಸಿ ಓದುವಾಗ ಒಂದು ವಿಡಿಯೊ ಗೇಮ್ ಮಾಸಪತ್ರಿಕೆಗೆ ಕಾಗದ ಬರೆದದ್ದು. ಬರೆದದ್ದು ನಿಜ, ಅಚ್ಚಾಗಿದ್ದನ್ನು ಮಾತ್ರ ಅವನು ನೋಡಿರಲಿಲ್ಲ. ಸೆಪ್ಟೆಂಬರ್ ಸಂಚಿಕೆಯಲ್ಲಿ ಬರಲಿಲ್ಲ. ಅಕ್ಟೋಬರ್ ಸಂಚಿಕೆ ತುಮಕೂರು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೇ ಬರಲಿಲ್ಲ. ಆಮೇಲೆ ಪತ್ರಿಕೆಯೇ ನಿಂತುಹೋಯಿತು. ಯಾರ ಹತ್ತಿರವೂ ಇರಲಾರದ ಸಂಚಿಕೆ ಎಂದೇ ಅವನು ಅಕ್ಟೋಬರ್ ಎಂದಿದ್ದ. ಸುಳ್ಳಿನಲ್ಲಾದರೂ ಅವನಿಗೆ ಅಷ್ಟು ಅಚ್ಚುಕಟ್ಟು ಇತ್ತು.

ಆ ಒಂದು ಮಾತಿನಿಂದ ಮಾವನ ಮನೆಯಲ್ಲಿ ಅವನ ಅಂತಸ್ತೇ ಬೇರೆಯಾಯಿತು. ಹಬ್ಬಕ್ಕೆ ಹೋದರೆ ಉಳಿದ ಇಬ್ಬರು ಅಳಿಯಂದಿರಿಗೆ ಚಾಪೆ, ಇವನಿಗೆ ಕುರ್ಚಿ. ಮಾವ ಚೇಳೂರು ಸಂತೆಯಲ್ಲಿ ಕಾಯಿ ಮಾರುವಾಗಲೂ “ನಮ್ ಅಳಿಯಂದ್ರು ಇಂಗ್ಲಿಷ್‌ನಾಗೆ ಬರ್ದೋರು” ಎಂದು ಒಂದು ಮಾತು ಸೇರಿಸುತ್ತಿದ್ದರು.

ಕಾಗದದಲ್ಲಿ ಏನು ಬರೆದಿದ್ದೆ ಎನ್ನುವುದು ಭಾನುವಿಗೆ ಮರೆತೇಹೋಗಿತ್ತು. ವರ್ಷ ಕಳೆದಂತೆ, ಏನೋ ಘನವಾದದ್ದನ್ನೇ ಬರೆದಿರಬೇಕು ಎನ್ನುವ ನಂಬಿಕೆ ಮಾತ್ರ ಬೆಳೆಯುತ್ತ ಬಂದಿತ್ತು. ಈಗಿನ ಹುಡುಗರು ಮೊಬೈಲಿನಲ್ಲಿ ಆಡುವುದನ್ನು ಕಂಡರೆ, “ನಮ್ ಕಾಲದಲ್ಲಿ ಬುಕ್ ಓದಿ ಗೇಮ್ ಆಡ್ತಿದ್ವಿ ಕಣ್ರೋ” ಎಂದು ನಿಟ್ಟುಸಿರು ಬಿಡುತ್ತಿದ್ದ. ಹುಡುಗರು ಆಟ ನಿಲ್ಲಿಸಿ ಅವನನ್ನು ಕನಿಕರದಿಂದ ನೋಡಿ ಮತ್ತೆ ಆಡುತ್ತಿದ್ದರು.

ಫ್ಲೆಕ್ಸ್ ಎದ್ದಿತು. “ಅಂತರರಾಷ್ಟ್ರೀಯ ವಿಡಿಯೊ ಗೇಮ್ ತಜ್ಞ ಶ್ರೀ ಭಾನುಪ್ರಕಾಶ್ ದಂಪತಿಗಳಿಗೆ ಸನ್ಮಾನ.” ಅದರಲ್ಲಿ ಭಾನುವಿನ ಫೋಟೊ ಅಧ್ಯಕ್ಷರ ಫೋಟೊದ ಕಿವಿಯಷ್ಟಿತ್ತು.

ಸನ್ಮಾನದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸಿದ್ದಗಂಗಯ್ಯನವರು ಗೇಟಿನಿಂದಲೇ ಕೂಗುತ್ತ ಬಂದರು.

“ಸಿಕ್ಬುಡ್ತು ಕಣಯ್ಯಾ!”

“ಏನ್ ಸಾರ್?” ಭಾನು ದೋಸೆ ಮುರಿಯುತ್ತ ಕೇಳಿದ.

“ನಿನ್ ಬುಕ್ಕು! ಕುಣಿಗಲ್‌ನಾಗೆ ಅಂಜನ್‌ಕುಮಾರ್ ಅಂತ ಒಬ್ಬ ಹಳೇ ಗೇಮ್ ಬುಕ್ಕೆಲ್ಲ ಕೂಡಾಕವ್ನಂತೆ. ಅಕ್ಟೋಬರ್‌ದೂ ಐತಂತೆ. ಸಂಜೆ ವೇದಿಕೆ ಮೇಲೆ ಓದ್ಸಿ ಆಮೇಲೆ ಹಾರ ಹಾಕಣ. ಗುಬ್ಬಿ ಚನ್ನವೀರಯ್ಯ ಮೇಷ್ಟ್ರು ಇಂಗ್ಲಿಷ್ ಲೆಕ್ಚರರ್ ಆಗಿದ್ದೋರು, ಅವ್ರೇ ಓದ್ತಾರೆ.”

ದೋಸೆ ಭಾನುವಿನ ಗಂಟಲಲ್ಲೇ ಧರಣಿ ಕೂತಿತು.

“ನಮ್ಮಪ್ಪಂಗೆ ಎಷ್ಟ್ ಖುಷಿ ಆಗ್ತದೋ,” ಎಂದಳು ಸಂಧ್ಯಾ. “ಟೆಂಪೊ ಮಾಡ್ಕೊಂಡು ಹದಿನಾಲ್ಕು ಜನ ಬರ್ತಾವ್ರೆ.”

“ಆ ಬುಕ್ಕನ್ನ ನಾನೇ ಹೋಗಿ ತರ್ತೀನಿ ಸಾರ್,” ಎಂದು ಭಾನು ಕೈಯನ್ನೂ ತೊಳೆಯದೆ ಸ್ಕೂಟರ್ ಹತ್ತಿದ.

ಉಪಾಯ ಸರಳವಾಗಿತ್ತು. ನೋಡುತ್ತೇನೆ ಎಂದು ಕೈಗೆ ತೆಗೆದುಕೊಳ್ಳುವುದು, ಓದುಗರ ಪತ್ರದ ಪುಟವನ್ನು ಸದ್ದಿಲ್ಲದೆ ಹರಿದು ಜೇಬಿಗಿಳಿಸುವುದು. ಆಗದಿದ್ದರೆ ಅದರ ಮೇಲೆ ಕಾಫಿ ಚೆಲ್ಲುವುದು. ಅದೂ ಆಗದಿದ್ದರೆ ಕುಣಿಗಲ್ ಕೆರೆಗೆ ಬುಕ್ಕೋ ತಾನೋ ಯಾರಾದರೊಬ್ಬರು ಬೀಳುವುದು.

ಅಂಜನ್‌ಕುಮಾರ ಕುಣಿಗಲ್‌ನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಬುಕ್ಕುಗಳಿದ್ದದ್ದು ಹಿಂದಿನ ಕೋಣೆಯಲ್ಲಿ.

“ಚಪ್ಪಲಿ ಹೊರಗೆ ಬಿಡಿ ಸಾರ್. ಕೈ ತೊಳ್ಕೊಳ್ಳಿ. ಉಸಿರು ಸ್ವಲ್ಪ ಆ ಕಡೆ ತಿರುಗಿ ಬಿಡಿ.”

ಒಳಗೆ ಊದುಬತ್ತಿ ಹಚ್ಚಿತ್ತು. ಗೋಡೆಯುದ್ದಕ್ಕೂ ಬುಕ್ಕುಗಳು. ಒಂದೊಂದೂ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ. ಕವರಿನ ನಾಲ್ಕೂ ಕಡೆ ಚಿಪ್ಸ್ ಪ್ಯಾಕೆಟ್ ಸೀಲ್ ಮಾಡುವ ಮೆಷಿನ್ನಿನಲ್ಲಿ ಒತ್ತಿದ ಸೀಲು.

“ತೊಂಬತ್ತೊಂಬತ್ತರ ಅಕ್ಟೋಬರ್,” ಎಂದು ಅಂಜನ್‌ಕುಮಾರ ಒಂದನ್ನು ಹಸುಗೂಸಿನಂತೆ ಎತ್ತಿ ಕೊಟ್ಟ.

“ಒಂದ್ ಚೂರು ತೆಗ್ದು ನೋಡ್ಲಾ?”

ಅಂಜನ್‌ಕುಮಾರ ಬುಕ್ಕನ್ನು ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. “ತೆಗೆಯೋದಾ? ಇದರೊಳಗೆ ಇರೋದು ತೊಂಬತ್ತೊಂಬತ್ತರ ಗಾಳಿ ಸಾರ್! ಈಗಿನ ಗಾಳಿ ತಾಗಿದ್ರೆ ಮುಗೀತು.”

“ಇದನ್ನ ನೀವು ತಗೊಂಡಿದ್ದು ಯಾವಾಗ?”

“ಎರಡು ಸಾವಿರದ ಹದಿನೈದರಲ್ಲಿ, ಬೆಂಗ್ಳೂರು ಫುಟ್‌ಪಾತಲ್ಲಿ. ಅವತ್ತೇ ಸೀಲ್ ಮಾಡ್ದೆ.”

ಹಾಗಾದರೆ ಒಳಗಿರುವುದು ಹದಿನೈದರ ಗಾಳಿ, ಅದೂ ಬೆಂಗಳೂರಿನದು ಎಂದು ಭಾನುವಿಗೆ ಹೊಳೆಯಿತು. “ಮತ್ತೆ ಓದೋದ್ ಹೆಂಗೆ?” ಎಂದಷ್ಟೇ ಕೇಳಿದ.

“ಓದೋದಾ? ಓದೋಕೆ ಯಾರ್ ಸಾರ್ ಇಷ್ಟು ಜೋಪಾನ ಮಾಡ್ತಾರೆ?” ಅಂಜನ್‌ಕುಮಾರನ ಕಣ್ಣು ಒದ್ದೆಯಾಯಿತು. “ಅದೆಂಥ ಕಾಲ ಸಾರ್! ಆಗಿನೋರು ಎಂಥೆಂಥದ್ ಬರೀತಿದ್ರು!”

“ಏನ್ ಬರೀತಿದ್ರು?”

“ಅದ್ ಗೊತ್ತಿಲ್ಲ. ಆದ್ರೆ ಈಗ ಯಾರೂ ಹಂಗ್ ಬರಿಯಲ್ಲ ಬಿಡಿ.”

ಭಾನುವಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಪುಟ ಹರಿಯುವುದೇಕೆ? ಕಾಫಿ ಚೆಲ್ಲುವುದೇಕೆ? ಯಾರೂ ತೆರೆಯಲಾರದ ಬುಕ್ಕಿಗಿಂತ ಒಳ್ಳೆಯ ಸಾಕ್ಷಿ ಇನ್ನೆಲ್ಲಿ ಸಿಕ್ಕೀತು? ತನ್ನ ಕಾಗದ ಇದರಲ್ಲೇ ಬಂದಿದೆ, ಸಂಜೆ ಸನ್ಮಾನ ಇದೆ ಎಂದು ಗಂಭೀರವಾಗಿ ಹೇಳಿದ.

ಅಂಜನ್‌ಕುಮಾರ ಸೀದಾ ಅವನ ಕಾಲಿಗೆ ಬಿದ್ದ. “ಅಣ್ಣಾ! ಇದರೊಳಗೆ ಬರ್ದೋರು ಇನ್ನೂ ಬದುಕವ್ರಾ? ಬುಕ್ಕು ತಗೊಂಡು ನಾನೇ ಬರ್ತೀನಿ. ನನಗೂ ಒಂದು ಶಾಲು ಹಾಕ್ತಾರಾ?”

“ನಂದ್ರಲ್ಲೇ ಅರ್ಧ ಹೊದ್ಕೊಳೋಣ. ಒಂದೇ ಮಾತು. ಯಾರ್ ಕೇಳಿದ್ರೂ ಕವರ್ ಬಿಚ್ಬಾರ್ದು.”

“ಪ್ರಾಣ ಹೋದ್ರೂ ಬಿಚ್ಚಲ್ಲಣ್ಣಾ.”

ವಾಪಸ್ಸು ಬರುವಾಗ ಹಿಂದೆ ಕುಳಿತ ಅಂಜನ್‌ಕುಮಾರ ರಸ್ತೆಯ ಪ್ರತಿ ಉಬ್ಬಿಗೂ “ಗಾಳೀ!” ಎಂದು ಚೀರುತ್ತಿದ್ದ. ಹೆಲ್ಮೆಟ್ಟನ್ನು ತಲೆಗೆ ಹಾಕದೆ ಬುಕ್ಕಿನ ಮೇಲೆ ಕವುಚಿ ಹಿಡಿದಿದ್ದ. ಹೆಬ್ಬೂರಿನಲ್ಲಿ ಪೊಲೀಸ್ ಪೇದೆ ಅಡ್ಡಹಾಕಿ, “ಹೆಲ್ಮೆಟ್ ಯಾಕಯ್ಯ ತೊಡೆ ಮೇಲೈತೆ?” ಎಂದ.

“ತಲೆಗಿಂತ ಬೆಲೆ ಬಾಳೋದು ಒಳಗೈತೆ ಸಾರ್,” ಎಂದ ಅಂಜನ್‌ಕುಮಾರ.

ಪೇದೆ ಅವನ ತಲೆಯನ್ನು ಒಂದು ಸಲ ನೋಡಿ, ಮಾತು ಸರಿಯೆನಿಸಿ ಬಿಟ್ಟುಬಿಟ್ಟ.

ಸಂಜೆ ಐದಕ್ಕೆ ಶಾಮಿಯಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಗುರುಸಿದ್ದಯ್ಯನವರು, ಅವರ ಹಿಂದೆ ಹದಿಮೂರು ಜನ ನೆಂಟರು. ವೇದಿಕೆಯಲ್ಲಿ ಭಾನು ದಂಪತಿ, ಅಧ್ಯಕ್ಷರು, ಚನ್ನವೀರಯ್ಯ ಮೇಷ್ಟ್ರು. ಭಾನುವಿಗೆ ಶಾಲು ಹೊದಿಸಿ ತೊಡಿಸಿದ ಮೈಸೂರು ಪೇಟ ಹುಬ್ಬು ದಾಟಿ ಮೂಗಿನ ಮೇಲೆ ನಿಂತಿತ್ತು. ಬುಕ್ಕನ್ನು ಹಣ್ಣಿನ ತಟ್ಟೆಯಲ್ಲಿಟ್ಟು ಅಂಜನ್‌ಕುಮಾರ ಪಕ್ಕದಲ್ಲೇ ಕಾವಲು ನಿಂತಿದ್ದ.

“ಎಲ್ಲಿ, ಬಿಚ್ಚಿ ಕೊಡಿ, ಓದಣ,” ಎಂದರು ಮೇಷ್ಟ್ರು.

“ನನ್ ಹೆಣದ ಮೇಲೆ!” ಎಂದ ಅಂಜನ್‌ಕುಮಾರ, ಮೈಕಿನಲ್ಲೇ.

ಸಭೆಯಲ್ಲಿ ಗುಜುಗುಜು ಎದ್ದಿತು. ಭಾನು ಪೇಟವನ್ನು ಹಿಂದಕ್ಕೆ ತಳ್ಳಿ ಎದ್ದುನಿಂತ. “ಬಂಧುಗಳೇ, ಕೆಲವು ನೆನಪುಗಳನ್ನ ಬಿಚ್ಚಬಾರದು. ಹಂಗೇ ಇಟ್ಟು ಕೈ ಮುಗೀಬೇಕು. ನಂಗೆ ಹೆಸರು ಬೇಕಾಗಿಲ್ಲ...” ಎಂದು ಶುರುಮಾಡಿದ. ಹಿಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಸಿದ್ದಯ್ಯನವರು ಮಾತ್ರ ಎದ್ದು ವೇದಿಕೆ ಹತ್ತಿದರು.

“ಅದೆಂಗಾದಾತು ಅಳಿಯಂದ್ರೆ? ಹದಿನೇಳು ವರ್ಷದಿಂದ ಊರ್ ತುಂಬ ಹೇಳ್ಕೊಂಡ್ ತಿರುಗಿದೀನಿ. ಈ ಹದಿಮೂರು ಜನಾನೂ ಎಲ್ಲಿ ತೋರ್ಸು ಎಲ್ಲಿ ತೋರ್ಸು ಅಂತ ನನ್ ಪ್ರಾಣ ತಿಂದವ್ರೆ. ಇವತ್ತು ನನ್ ಮಾನದ್ ಪ್ರಶ್ನೆ.” ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದವರೇ ಕವರನ್ನು ಕಚಕ್ಕನೆ ಕತ್ತರಿಸಿದರು.

ಅಂಜನ್‌ಕುಮಾರ ಕಿರುಚಿಕೊಂಡು ನುಗ್ಗಿದ. ಗಾಳಿ ಪೋಲಾಗಬಾರದೆಂದು ಕವರಿನ ಬಾಯಿಗೆ ಮೂಗಿಟ್ಟು ಆದಷ್ಟನ್ನೂ ಒಳಗೆಳೆದುಕೊಂಡು, ಉಸಿರು ಹಿಡಿದು, ಕೆಂಪಗಾಗಿ ಕುರ್ಚಿಯಲ್ಲಿ ಕುಸಿದ.

ಮೇಷ್ಟ್ರು ಪುಟ ತಿರುವತೊಡಗಿದರು. ಭಾನು ಕಣ್ಣು ಮುಚ್ಚಿದ. ವೇದಿಕೆಯ ಹಿಂದೆ ಚರಂಡಿ, ಚರಂಡಿಯಾಚೆ ಕಾಂಪೌಂಡು. ಈ ಪೇಟ, ಈ ಶಾಲು, ಈ ಹೊಟ್ಟೆ ಸಮೇತ ಅದನ್ನು ಹಾರಲಾದೀತೇ ಎಂದು ಲೆಕ್ಕ ಹಾಕುತ್ತಿದ್ದಾಗ ಮೇಷ್ಟ್ರ ದನಿ ಕೇಳಿಸಿತು.

“ಹಾಂ! ಸಿಕ್ತು! ಪುಟ ನಲವತ್ತೊಂದು. ಭಾನುಪ್ರಕಾಶ್, ತುಮಕೂರು!”

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಭಾನು ಕಣ್ಣು ಬಿಟ್ಟ. ಹದಿನೇಳು ವರ್ಷ ಸಾಕಿದ ಸುಳ್ಳು ಅವನನ್ನು ಒಂದು ಮಾತೂ ಕೇಳದೆ ನಿಜವಾಗಿಬಿಟ್ಟಿತ್ತು! ಮಾವ ಹದಿಮೂರು ಜನರ ಕಡೆ ತಿರುಗಿ ಮೀಸೆ ಸವರುತ್ತಿದ್ದರು. ಭಾನುವಿನ ಎದೆ ಎಷ್ಟು ಉಬ್ಬಿತೆಂದರೆ ಶಾಲಿನ ಪಿನ್ನು ಕಿತ್ತು ಅಧ್ಯಕ್ಷರಿಗೆ ಚುಚ್ಚಿತು.

ಮೇಷ್ಟ್ರು ಮನಸ್ಸಿನಲ್ಲೇ ಮುಂದಕ್ಕೆ ಓದುತ್ತಿದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. “ಇಷ್ಟು ಸಾಕು. ಹೆಸರು ಬಂದಿದೆಯಲ್ಲ. ಹಾರ ಹಾಕಿಬಿಡಿ.”

ಹೊಟ್ಟೆಕಿಚ್ಚು ಎಂದುಕೊಂಡ ಭಾನು. “ಪೂರ್ತಿ ಓದಿ ಸಾರ್! ಕನ್ನಡದಲ್ಲೇ ಓದಿ. ನಮ್ ಮಾವನೋರಿಗೆ ಒಂದಕ್ಷರಾನೂ ತಪ್ಪಬಾರ್ದು.”

“ಬೇಡ ಭಾನುಪ್ರಕಾಶ್.”

“ಓದೀ ಸಾರ್, ಪರವಾಗಿಲ್ಲ!” ಎಂದು ತಾನೇ ಹೋಗಿ ಮೈಕಿನ ಸೌಂಡು ಜಾಸ್ತಿ ಮಾಡಿ ಬಂದ.

ಮೇಷ್ಟ್ರು ಓದಿದರು. “ಮಾನ್ಯ ಸಂಪಾದಕರೇ, ಹನ್ನೊಂದು ತಿಂಗಳಿಂದ ಮನೆಯ ಟಿವಿಯಲ್ಲಿ ಒಂದೇ ಆಟವನ್ನು ಆಡುತ್ತಿದ್ದೇನೆ. ಎಷ್ಟು ಪಳಗಿದ್ದೇನೆಂದರೆ, ಈಗ ನಾನು ಕೈ ತೆಗೆದರೂ ನನ್ನ ಹೀರೊ ತಾನೇ ಹಾರುತ್ತಾನೆ, ತಾನೇ ಗುಂಡು ಹೊಡೆಯುತ್ತಾನೆ. ಆದರೆ ಪ್ರತಿ ಸಲ ಅದೇ ಸೇತುವೆಯ ಹತ್ತಿರ ಬಂದು ಸಾಯುತ್ತಾನೆ. ಸೇತುವೆ ದಾಟಿಸುವುದು ಹೇಗೆ?”

“ಕೈ ಬುಟ್ರೂ ಓಡ್ತಿತ್ತಂತೆ ಕಣ್ಲಾ!” ಎಂದು ಹದಿಮೂರು ಜನ ಮತ್ತೆ ಚಪ್ಪಾಳೆ ತಟ್ಟಿದರು.

“ಕೆಳಗೆ ಸಂಪಾದಕರ ಉತ್ತರ ಇದೆ,” ಎಂದರು ಮೇಷ್ಟ್ರು ಸಣ್ಣಗೆ.

“ಅದನ್ನೂ ಓದಿ ಸಾರ್!”

“ಪ್ರಿಯ ಭಾನುಪ್ರಕಾಶ್, ಹನ್ನೊಂದು ತಿಂಗಳಿಂದ ನೀವು ಆಡುತ್ತಿರುವುದು ಆಟವಲ್ಲ. ಆಟ ಹೇಗಿರುತ್ತದೆ ಎಂದು ತೋರಿಸಲು ಟಿವಿಯಲ್ಲಿ ತಾನಾಗಿಯೇ ಓಡುವ ಡೆಮೊ. ದಯವಿಟ್ಟು ಸ್ಟಾರ್ಟ್ ಬಟನ್ ಒತ್ತಿ.”

ಹದಿಮೂರು ಜನ ಚಪ್ಪಾಳೆಗೆ ಎತ್ತಿದ್ದ ಕೈಗಳನ್ನು ತೊಡೆಯ ಮೇಲೆ ಇಳಿಸಿಕೊಂಡರು.

“ಹಂಗಂದ್ರೆ ಏನ್ ಮೇಷ್ಟ್ರೇ?” ಎಂದರು ಗುರುಸಿದ್ದಯ್ಯ.

“ಅದು... ಆಟ ಅದರ ಪಾಡಿಗೆ ನಡೀತಿತ್ತು. ನಿಮ್ಮ ಅಳಿಯಂದಿರು ಮುಂದೆ ಕೂತು ಸುಮ್ನೆ ಬಟನ್ ಒತ್ತುತಾ ಇದ್ರು.”

“ಇವರಿಂದ ಏನೂ ಆಗ್ತಿರ್ಲಿಲ್ವಾ?”

“ಏನೂ ಇಲ್ಲ.”

ಗುರುಸಿದ್ದಯ್ಯನವರು ಅಳಿಯನನ್ನು ನೋಡಲಿಲ್ಲ. ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ಹಾರಕ್ಕೆ ಕಾದು ಕೂತಿದ್ದ ಮಗಳನ್ನು ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು. “ತಪ್ಪಾಗೋಯ್ತು ಕಣವ್ವಾ.”

ಸಂಧ್ಯಾಳಿಗೆ ಆಶ್ಚರ್ಯವಾದಂತೆಯೇ ಕಾಣಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು. ಮೈಕು ಹತ್ತಿರದಲ್ಲೇ ಇತ್ತು.

“ಈಗ್ಲೂ ಹಂಗೇ ಕಣಪ್ಪಾ. ಮನೇಲಿ ಎಲ್ಲಾ ಅದರ ಪಾಡಿಗೆ ನಡ್ಕೊಂಡ್ ಹೋಗ್ತೈತೆ. ಇವ್ರು ತಾನೇ ನಡೆಸ್ತಾ ಇದೀನಿ ಅನ್ಕೊಂಡವ್ರೆ. ಪಾಪ, ನಾನೂ ಹೇಳಕ್ ಹೋಗಿಲ್ಲ.”