ಬದುಕಿ ಬಂದವರ ಮನೆಯಲ್ಲಿ ರಕ್ತ ಕೇಳುವುದು

ಸಾವಿನ ಬಾಯಿಂದ ತಿರುಗಿ ಬಂದವರ ಮನೆಗೆ ಹೋಗಿ ರಕ್ತ ಕೇಳುವ ಕೆಲಸ ನನ್ನದು. ಇಂಥ ಕೆಲಸದಲ್ಲಿ ನಗೆಪಾಟಲಾಗದೆ ಒಂದು ವಾರವೂ ಕಳೆಯುವುದಿಲ್ಲ. ಮೈಗೆಲ್ಲ ನಂಜೇರಿ ಐಸಿಯು ಸೇರಿದವರಲ್ಲಿ ಕೆಲವರು ಉಳಿಯುತ್ತಾರೆ, ಕೆಲವರು ಇಲ್ಲ. ಉಳಿದವರೊಳಗಿನ ರೋಗನಿರೋಧಕ ಶಕ್ತಿ ಏನು ಮಾಡಿತೆಂದು ತಿಳಿದರೆ ಮುಂದಿನವರನ್ನು ಉಳಿಸಬಹುದು ಎನ್ನುವುದು ನಮ್ಮ ಸಂಶೋಧನೆ. ಅದಕ್ಕೆ ಅವರು ಮನೆಗೆ ಮರಳಿದ ಮೇಲೂ ವರ್ಷದ ತನಕ ಆಗಾಗ ರಕ್ತ ಬೇಕು. ಕೊನೆಯ ಸಲ ‘ಒಲ್ಲೆ’ ಎಂದರೆ ಮೊದಲು ಕೊಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾಗಿ ಗೋಕಾಕದಿಂದ ಐಸ್ ಡಬ್ಬಿ ಹಿಡಿದು ಹೊರಟಾಗಲೆಲ್ಲ ನನಗೆ ಅಳುಕು.

ಗಟ್ಟಿ ಮನುಷ್ಯ

ಮೂಡಲಗಿ ಹತ್ತಿರದ ಕಲ್ಲೋಳಿಯಲ್ಲಿ ಒಬ್ಬ ಅಕ್ಕ ಹೀಗೆ ಬದುಕಿ ಬಂದಿದ್ದರು. ಹೋಲಿಸಿ ನೋಡಲು ಅದೇ ಮನೆಯ ಆರೋಗ್ಯವಂತರ ರಕ್ತವೂ ಬೇಕಿತ್ತು. ಗಂಡ ಅಂಗಿಯ ತೋಳು ಏರಿಸಿ ಕುಳಿತರು. “ಆಕಿ ಮೊದಲಿಂದಾನೂ ನಾಜೂಕ ರಿ. ನನಗ ಜ್ವರಾ ಅಂದ್ರ ಏನಂತ ಗೊತ್ತಿಲ್ಲ. ಎಷ್ಟ ಬೇಕಷ್ಟ ತಗೋರಿ.”

ಚೀಲದಿಂದ ಸೂಜಿ ಹೊರಗೆ ತೆಗೆದೆ, ಅಷ್ಟೇ. ಯಜಮಾನರು ಎಚ್ಚರ ತಪ್ಪಿ ಕಟ್ಟೆಯ ಮೇಲೆ ಅಡ್ಡಾದರು.

ಅಕ್ಕ ಗಾಬರಿಯಾಗದೆ ಸೆರಗಿನಿಂದ ಗಾಳಿ ಹಾಕುತ್ತ ಕೇಳಿದರು: “ಮೇಡಂ, ಗಟ್ಟಿ ಮಂದಿ ಅಂತ ಇವರನ್ನ ಬರಕೋತೀರೋ, ನನ್ನ ಬರಕೋತೀರೋ?”

ಉಡಿ

ಕೊಣ್ಣೂರಿನ ಮುದುಕಿಯೊಬ್ಬರು ರಕ್ತ ಕೊಟ್ಟು, ಎದ್ದು ಹೋಗಿ ಅಕ್ಕಿ, ಕಾಯಿ, ಕುಪ್ಪಸದ ಖಣ ತಂದು ನನ್ನ ಉಡಿ ತುಂಬಲು ನಿಂತರು.

“ಅವ್ವಾ, ನಾ ನಿಮ್ಮ ಮಗಳಲ್ಲ. ರಕ್ತ ತಗೊಳ್ಳಾಕ ಬಂದಾಕಿ” ಎಂದೆ.

“ಮಗಳಾದಾಕಿ ತವರಿಗಿ ಏನಾರ ತಗೊಳ್ಳಾಕ ಬರತಾಳ ಬಿಡವಾ. ನನ್ನ ಮಕ್ಕಳು ಬಂಗಾರ ಕೇಳತಾರ. ನೀ ಪಾಪ, ರಕ್ತದಾಗ ಮುಗಿಸಿದಿ.”

ಉಳಿಸಿದ್ದು ಯಾರು?

ಹುಕ್ಕೇರಿ ಕಡೆಯ ಹಳ್ಳಿಯ ಕಾಕಾ ಒಬ್ಬರದು ಕೊನೆಯ ಸಲದ ರಕ್ತ. ಹೋದರೆ ಕೈ ಹಿಂದೆ ಕಟ್ಟಿಕೊಂಡು “ಒಲ್ಲೆ ರಿ” ಎಂದರು. ಒಂದು ವರ್ಷದ ಶ್ರಮ ಹೋಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಪಡಸಾಲೆಯಿಂದ ಅವರ ತಾಯಿ, “ತಗೋರಿ ತಗೋರಿ! ನಾ ಬರಿಗಾಲಲೆ ಮಠಕ್ಕ ನಡದದ್ದಕ್ಕ ಇಂವ ಉಳದಾನ. ರಿಪೋರ್ಟಿನ್ಯಾಗ ಬರಲಿ” ಎಂದರು.

ಅಡುಗೆಮನೆಯಿಂದ ಹೆಂಡತಿ, “ದವಾಖಾನ್ಯಾಗ ಹಗಲೂ ರಾತ್ರಿ ಗಂಜಿ ಕುಡಿಸಿದಾಕಿ ನಾನು. ಅದ ಬರತೈತಿ, ನೋಡ್ತಿರ್ರಿ” ಎಂದರು.

ವರ್ಷದಿಂದ ನಡೆದ ಈ ವಾದದ ತೀರ್ಪು ನನ್ನ ಡಬ್ಬಿಯಲ್ಲಿದೆಯೆಂದು ಇಬ್ಬರೂ ನಂಬಿದ್ದರು. ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು.

“ಹೆಂಡತಿ ಗೆದ್ರ ಅವ್ವ ಮನಿಯಾಗ ಇರಾಕ ಬಿಡಂಗಿಲ್ಲ. ಅವ್ವ ಗೆದ್ರ ಹೆಂಡತಿ ಉಣ್ಣಾಕ ನೀಡಂಗಿಲ್ಲ. ಹಿಂಗಾದ್ರ ನಾ ಉಳದು ಏನ ಮಾಡಲಿ ರಿ?”

“ಅದರಾಗ ಯಾರ ಹೆಸರೂ ಬರಂಗಿಲ್ಲ ಕಾಕಾ. ಇನ್ನೊಬ್ಬರ ಜೀವ ಉಳಿಸಾಕ ಕೇಳಾಕತ್ತೇನಿ” ಎಂದೆ.

“ರಿಜಲ್ಟ್ ಯಾವಾಗ ಬರತೈತಿ?”

“ಎಲ್ಲಾರದೂ ಕೂಡಿಸಿ ನೋಡಬೇಕು. ವರ್ಷಗಟ್ಟಲೆ ಹಿಡೀತೈತ್ರಿ.”

ಕಾಕಾ ಮುಖ ಅರಳಿತು. ಅಂಗಿಯ ತೋಳು ಸರಸರನೆ ಏರಿತು.

“ಹಂಗಾರ ಚುಚ್ಚರಿ! ಅಲ್ಲೀತನಕ ಇಬ್ಬರೂ ಪೈಪೋಟಿಲೆ ಉಣಸತಾರ.”