ಗ್ರೂಪ್ ಫೋಟೋಗೆ ಬಂದ ರಷ್ಯಾ ಲೆನ್ಸು

ಸೋವಿಯತ್ ಕಾಲದ ಲೆನ್ಸನ್ನು ಈಗಿನ ಕ್ಯಾಮೆರಾಗೆ ಹಾಕಬಹುದು ಅಂತ ನನಗೆ ಮೊದಲು ಹೇಳಿದವರು ಮದ್ದೂರಿನ ವಾಚ್ ರಿಪೇರಿಯವರು. ನಾನು ಮಂಡ್ಯದ ಗುತ್ತಲಿನಿಂದ ಮಳವಳ್ಳಿಯ ಕಾಲೇಜಿಗೆ ಪಾಠ ಮಾಡಲು ಹೋಗುವವಳು, ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕು. ಬಸ್ಸು ತಡವಾದಾಗಲೆಲ್ಲ ಅವರ ಅಂಗಡಿ ಮುಂದೆ ನಿಲ್ಲುತ್ತೇನೆ. ಬಸ್ಸು ತಡವಾಗುತ್ತಲೇ ಇರುತ್ತದೆ, ಆದ್ದರಿಂದ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಆಗ ನನ್ನ ಕ್ಯಾಮೆರಾದ ಲೆನ್ಸು ಬಿದ್ದು ಕೆಟ್ಟಿತ್ತು. ಅದೇ ತಿಂಗಳು ನಮ್ಮ ಕಾಲೇಜಿನ ಅಟೆಂಡರಮ್ಮ ನಿವೃತ್ತಿಯಾಗುವವರಿದ್ದರು. ಮೂವತ್ತು ವರ್ಷದ ಗ್ರೂಪ್ ಫೋಟೋಗಳು ಸ್ಟಾಫ್ ರೂಮಿನ ಗೋಡೆ ಮೇಲಿವೆ, ಒಂದರಲ್ಲೂ ಅವರಿಲ್ಲ. ಪ್ರತಿ ಸಲ ಕ್ಲಿಕ್ ಅನ್ನುವ ಹೊತ್ತಿಗೆ ಕುರ್ಚಿ ತರಲೋ ನೀರು ತರಲೋ ಯಾರಾದರೂ ಅವರನ್ನು ಓಡಿಸಿರುತ್ತಾರೆ. ಒಂದರಲ್ಲಿ ಮಾತ್ರ ಪ್ರಿನ್ಸಿಪಾಲರಿಗೆ ಕೊಡೆ ಹಿಡಿದ ಕೈ ಬಿದ್ದಿದೆ. “ಮೊಮ್ಮಕ್ಳಿಗೆ ಆ ಕೈ ತೋರ್ಸಿ ಇದೇ ನಾನು ಅಂದ್ರೆ ನಂಬಾಕಿಲ್ಲ ಕಣ್ರವ್ವ. ಈ ಸಲ ಒಂದ್ ಪಟದಲ್ಲಿ ನನ್ ಮೊಕ ಬರಂಗೆ ಮಾಡಿ,” ಅಂದರು. ಬೀಳ್ಕೊಡುಗೆಯ ದಿನ ಸ್ಟುಡಿಯೋದವರಿಗೆ ಯಾವುದೋ ಮದುವೆಯ ಫೋಟೋ ಇತ್ತು. ಫೋಟೋ ನನ್ನ ತಲೆಗೆ ಬಿತ್ತು, ನಾನು ಹೂಂ ಅಂದೆ. ಅಂದಿನಿಂದ ನಿದ್ದೆ ಹೋಯಿತು.

ವಾಚ್ ರಿಪೇರಿಯವರು ಡ್ರಾಯರಿನಿಂದ ಒಂದು ಹಳೇ ರೀಲ್ ಕ್ಯಾಮೆರಾ ತೆಗೆದರು. “ಬಾಡಿ ಸತ್ತೋಗದೆ ಕಣಮ್ಮ. ಲೆನ್ಸು ಗುಂಡುಕಲ್ಲು. ಮಧ್ಯಕ್ಕೊಂದು ರಿಂಗ್ ತರ್ಸ್ಕೊ, ನಿನ್ ಕ್ಯಾಮೆರಾಗೆ ತಿರುಗ್ಸಿ ಹಾಕ್ಬೋದು,” ಅಂದರು. ಲೆನ್ಸಿನ ಸುತ್ತ ರಷ್ಯನ್ ಅಕ್ಷರ. ನನಗೆ ಓದಲು ಬಂದದ್ದು ಅಂಕಿಗಳು ಮಾತ್ರ.

ಲೆನ್ಸೇ ಇಲ್ಲ

ರಿಂಗ್ ಬಂತು. ಲೆನ್ಸು ಹಾಕಿ, ಗಂಡನನ್ನು ತಾರಸಿಯಲ್ಲಿ ನಿಲ್ಲಿಸಿ ಬಟನ್ ಒತ್ತಿದೆ. ಕ್ಯಾಮೆರಾ ಕ್ಲಿಕ್ ಅನ್ನಲಿಲ್ಲ. ಪರದೆ ಮೇಲೆ ‘ಲೆನ್ಸ್ ಜೋಡಿಸಿಲ್ಲ’ ಅಂತ ಬಂತು. ತೆಗೆದು ಹಾಕಿದೆ, ಒರೆಸಿ ಹಾಕಿದೆ, ಮತ್ತೆ ಅದೇ ಉತ್ತರ. ಬಿಸಿಲಿನಲ್ಲಿ ನಿಂತ ಗಂಡ, “ನನ್ನ ನಗು ಒಣಗ್ತಾ ಇದೆ,” ಅಂದರು.

ಈ ಲೆನ್ಸಿನಲ್ಲಿ ಒಂದು ತಂತಿಯೂ ಇಲ್ಲ, ಅದು ಕೂತಿರುವುದು ಕ್ಯಾಮೆರಾಗೆ ಗೊತ್ತೇ ಆಗುವುದಿಲ್ಲ. ‘ಲೆನ್ಸ್ ಇಲ್ಲದಿದ್ದರೂ ಕ್ಲಿಕ್ಕಿಸು’ ಅನ್ನುವ ಒಂದು ಆಯ್ಕೆ ಮೆನುವಿನ ಹೊಟ್ಟೆಯೊಳಗೆಲ್ಲೋ ಇದೆ ಅಂತ ತಿಳಿಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು.

ಅತ್ತೆ ಮಾತ್ರ ಒಂದು ಚೂರೂ ಆಶ್ಚರ್ಯಪಡಲಿಲ್ಲ. “ಕಣ್ಣೆದ್ರಿಗೆ ಇರೋದ್ನ ಇಲ್ಲ ಅಂತದಾ? ನಮ್ಮನೇಲಿ ಉಪ್ಪಿನ ಡಬ್ಬಿ ಹುಡುಕೋರೂ ಅಂಗೇ ಕಣಮ್ಮ,” ಅಂದು ಮಗನ ಕಡೆ ನೋಡಿದರು.

ಒಂದು ಮೀಟರಿನ ಆಚೆ

ಅಭ್ಯಾಸಕ್ಕೆ ಅಂತ ಪಕ್ಕದ ಮನೆಯ ಮಗುವಿನ ಫೋಟೋ ಒಪ್ಪಿಕೊಂಡೆ. “ಮಗೀನ್ ಮೊಕ ದೊಡ್ಡದಾಗಿ ಬರ್ಲಿ,” ಅಂತ ಅಜ್ಜಿಯ ಅಪ್ಪಣೆ. ಹತ್ತಿರ ಹೋದೆ, ಮಗು ಮಂಜು ಮಂಜು. ಈ ಲೆನ್ಸಿಗೆ ಒಂದು ಮೀಟರಿಗಿಂತ ಹತ್ತಿರ ಇರುವುದೇನೂ ಕಾಣುವುದಿಲ್ಲ. ಒಂದು ಹೆಜ್ಜೆ ಹಿಂದೆ ಸರಿದೆ.

ಅಜ್ಜಿ ಉಪಕಾರಕ್ಕೆ ಅಂತ ಮಗುವನ್ನು ಚಾಪೆ ಸಮೇತ ನನ್ನ ಕಡೆಗೆ ಎಳೆದರು.

ನಾನು ಮತ್ತೊಂದು ಹೆಜ್ಜೆ ಹಿಂದೆ ಹೋದೆ. ಅವರು ಮತ್ತೊಮ್ಮೆ ಎಳೆದರು. “ಮಗೀಗೇನೂ ನೆಗಡಿ ಇಲ್ಲ ಕಣವ್ವ, ಅತ್ರ ಬಾ,” ಅಂದರು. ದೂರ ಇರಬೇಕು ಅಂತ ಹೇಳಿದೆ. “ಸಂಕೋಚ ಪಟ್ಕೊಬ್ಯಾಡ,” ಅಂದು ಮತ್ತೆ ಎಳೆದರು. ಹೀಗೆ ನಡುಮನೆ ದಾಟಿ, ಹೊಸ್ತಿಲು ದಾಟಿ, ಜಗುಲಿಗೆ ಬಂದೆವು. ನನ್ನ ಬೆನ್ನು ಗೇಟಿಗೆ ತಗುಲಿದ ಮೇಲೆ, ಅಜ್ಜಿ ಸುಧಾರಿಸಿಕೊಳ್ಳಲು ಒಂದು ಗಳಿಗೆ ಚಾಪೆ ಬಿಟ್ಟರು. ಆಗ ಸಿಕ್ಕಿತು ಒಂದು ಫೋಟೋ.

ಇನ್ನೊಂದು ತೆಗೀಲಾ ಅಂತ ಕೇಳಿದೆ. “ಬ್ಯಾಡ ಬುಡವ್ವ. ಇನ್ನೊಂದ್ ತಗುದ್ರೆ ಮದ್ದೂರ್ಗೆ ಓಗ್ಬುಡ್ತೀವಿ,” ಅಂದರು.

ನಿಲ್ಲುವುದೂ ತಿರುಗುವುದೂ

ಬೀಳ್ಕೊಡುಗೆಗೆ ಇನ್ನು ನಾಲ್ಕು ದಿನ. ಮಳವಳ್ಳಿ ಬಸ್ಸಿನಲ್ಲಿ ಕೂತು ಕಿಟಕಿಯಾಚೆಯ ಕಬ್ಬಿನ ಗಾಡಿಗೆ ಫೋಕಸ್ ಮಾಡೋಣ ಅಂತ ಲೆನ್ಸು ತಿರುಗಿಸಿದೆ. ಒಳಗಿನ ಗ್ರೀಸು ಯಾವ ಕಾಲದ್ದೋ, ಕಲ್ಲಾಗಿತ್ತು. ಬಲ ಹಾಕಿದೆ. ಫೋಕಸ್ ತಿರುಗುವ ಬದಲು ಇಡೀ ಲೆನ್ಸೇ ರಿಂಗಿನಿಂದ ಬಿಚ್ಚಿಕೊಂಡು, ಕೈ ಜಾರಿ, ಸೀಟುಗಳ ಕೆಳಗೆ ಉರುಳಿತು.

ಅರ್ಧ ಬಸ್ಸು ಬಗ್ಗಿ ಹುಡುಕಿತು. ನಾನು ಅಟೆಂಡರಮ್ಮನ ಮುಖ ನೆನೆದು ಬೆವೆತುಹೋದೆ. ಹಿಂದಿನ ಸೀಟಿನ ಯಜಮಾನರೊಬ್ಬರು ಅದನ್ನು ಎತ್ತಿ ಹಿಡಿದು, “ಪಂಪ್‌ಸೆಟ್ಟಿನ ವಾಲ್ವು ಯಾರ್ದ್ರಲಾ?” ಅಂದರು. ಅದು ನನ್ನದು ಅಂತ ಒಪ್ಪಿಕೊಂಡು ಇಸಿದುಕೊಂಡೆ.

ಸಂಜೆ ವಾಚ್ ರಿಪೇರಿಯವರು ಹಳೇ ಗ್ರೀಸು ತೆಗೆದು ಹೊಸದು ಹಾಕಿದರು. ಮಾರನೆಯ ದಿನ ನೋಡಿದರೆ ಲೆನ್ಸು ಬೆಣ್ಣೆ. ಕ್ಯಾಮೆರಾ ಬಗ್ಗಿಸಿದರೆ ಸಾಕು, ಫೋಕಸ್ಸು ತಾನಾಗಿ ಜಾರುತ್ತದೆ. ಮತ್ತೆ ಓಡಿದೆ, “ಇದು ಒಂದು ಕಡೆ ನಿಲ್ಲಲ್ಲವಲ್ಲ,” ಅಂದೆ.

ಅವರು ಭೂತಗನ್ನಡಿ ಕಣ್ಣಿನಿಂದ ತೆಗೆಯದೆಯೇ ಹೇಳಿದರು: “ನಿನ್ನೆ ತಿರುಗಲ್ಲ ಅಂದೆ, ಇವತ್ತು ನಿಲ್ಲಲ್ಲ ಅಂತೀಯ. ಬೇಕಾದಾಗ ನಿಂತು ಬೇಕಾದಾಗ ಹೊರಡೋದು ನಮ್ಮ ಮಳವಳ್ಳಿ ಬಸ್ಸೇ ಮಾಡಲ್ಲ, ರಷ್ಯಾದ್ದು ಮಾಡ್ತದಾ? ಟೇಪ್ ಸುತ್ತಮ್ಮ.”

ಅಲ್ಲಾಡಬೇಡಿ

ಬೀಳ್ಕೊಡುಗೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಮೈದಾನದಲ್ಲಿ ಕುರ್ಚಿ ಹಾಕಿಸಿದೆ. ನನ್ನ ಹೆದರಿಕೆ ಒಂದೇ, ಕೊನೇ ಗಳಿಗೆಯಲ್ಲಿ ಯಾರಾದರೂ ಅಟೆಂಡರಮ್ಮನನ್ನು ಎಲ್ಲಿಗಾದರೂ ಕಳಿಸಿಬಿಡುತ್ತಾರೆ. ಪ್ರಿನ್ಸಿಪಾಲರ ಕುರ್ಚಿ ಪಕ್ಕ ಅವರನ್ನು ನಿಲ್ಲಿಸಿದೆ. “ಇದು ನಿಮ್ಮ ಜಾಗ. ಫೋಟೋ ಆಗುವವರೆಗೆ ಯಾರು ಏನಂದರೂ ಅಲ್ಲಾಡಬೇಡಿ,” ಅಂದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಅವರ ಮುಖಕ್ಕೇ ಫೋಕಸ್ ಮಾಡಿ, ಜಾರದ ಹಾಗೆ ಲೆನ್ಸಿಗೆ ಮೂರು ಸುತ್ತು ಟೇಪ್ ಹಾಕಿದೆ. ಟೇಪ್ ಎಳೆಯುವಾಗ, ಒಳಗೆ ಬಿಡುವ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಉಂಗುರವೂ ತಿರುಗಿ ಪೂರ್ತಿ ತೆರೆದುಕೊಂಡಿದ್ದು ನನಗೆ ಗೊತ್ತಾಗಲಿಲ್ಲ. ಹಾಗೆ ತೆರೆದುಕೊಂಡರೆ ಈ ಲೆನ್ಸಿಗೆ ಫೋಕಸ್ ಮಾಡಿದ ಜಾಗವೊಂದೇ ಕಾಣುವುದು, ಅದರ ಹಿಂದಿನದೆಲ್ಲ ಹೊಗೆ.

ಎಲ್ಲರೂ ಬಂದರು. “ಇನ್ನೆರಡು ಕುರ್ಚಿ ತಾರಮ್ಮ,” ಅಂದರು ಇಂಗ್ಲಿಷ್ ಮೇಷ್ಟ್ರು.

“ಆಗಾಕಿಲ್ಲ ಸಾ. ಮೇಡಮ್ಮೋರು ಅಲ್ಲಾಡಬ್ಯಾಡ ಅಂದವ್ರೆ.”

ಮೂವತ್ತು ವರ್ಷದಲ್ಲಿ ಅವರು ಆಗುವುದಿಲ್ಲ ಅಂದದ್ದು ಅದೇ ಮೊದಲು. ಮೇಷ್ಟ್ರು ತಾವೇ ಹೋಗಿ ಹೊತ್ತು ತಂದರು.

ಪ್ರಿನ್ಸಿಪಾಲರು, “ಟೈಮರ್ ಇಡಿ, ನೀವೂ ಬನ್ನಿ ಮೇಡಂ,” ಅಂದರು. ಬಿಸಿಲಿಗೆ ಪರದೆ ಕಾಣದೆ ತಲೆ ಮೇಲೆ ಸೆರಗು ಹೊದ್ದು ಮೆನುವಿನಲ್ಲಿ ಟೈಮರ್ ಹುಡುಕುತ್ತಿದ್ದೆ. ಆ ಹೊತ್ತಿನಲ್ಲೇ ಪ್ರಿನ್ಸಿಪಾಲರಿಗೆ ಕಣ್ಣಿಗೆ ಬಿಸಿಲು ಹೊಡೆಯಿತಂತೆ. ಎಲ್ಲರೂ ಎದ್ದು ಕುರ್ಚಿಗಳನ್ನು ಹೊಂಗೆ ಮರದ ನೆರಳಿಗೆ, ನಾಲ್ಕು ಮಾರು ಹಿಂದಕ್ಕೆ ಎಳೆದುಕೊಂಡರು. ಎಲ್ಲರೂ ಅಂದರೆ, ಒಬ್ಬರನ್ನು ಬಿಟ್ಟು.

ನಾನು ಬಟನ್ ಒತ್ತಿ ಓಡಿದೆ. ಕುರ್ಚಿಗಳು ಇರಬೇಕಾದ ಜಾಗದಲ್ಲಿ ಕುರ್ಚಿಗಳಿಲ್ಲ. ಇನ್ನೂ ಓಡಿ ಹಿಂದಿನ ಸಾಲು ಸೇರಿ ತಿರುಗಿದರೆ, ಮುಂದೆ ಅಟೆಂಡರಮ್ಮನ ಬೆನ್ನು. “ಹಿಂದಕ್ಕೆ ಬಾರಮ್ಮ,” ಅಂತ ಇಡೀ ಸ್ಟಾಫು ಕೂಗಿತು. ಅವರು ಅಲ್ಲಾಡಲಿಲ್ಲ. ಕ್ಲಿಕ್ ಆಯಿತು.

ಇನ್ನೊಂದು ಸಲ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅಟೆಂಡರಮ್ಮನ ಮನೆಯವರು ಬಂದು, “ಎಲೆ ಹಾಕವ್ರೆ, ಬನ್ನಿ,” ಅಂದರು. ಬಾಡೂಟದ ಮುಂದೆ ನಮ್ಮ ಜಿಲ್ಲೆಯಲ್ಲಿ ಎರಡನೇ ಕ್ಲಿಕ್ ಅನ್ನುವುದಿಲ್ಲ.

ಎರಡು ದಿನ ಬಿಟ್ಟು ಪ್ರಿಂಟ್ ತಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟೆ. ಅಟೆಂಡರಮ್ಮನೂ ಬಂದಿದ್ದರು. ಫೋಟೋದಲ್ಲಿ ಅವರು ಒಂದೊಂದು ರೆಪ್ಪೆಗೂದಲು ಕಾಣುವ ಹಾಗೆ ನೆಟ್ಟಗೆ ನಿಂತಿದ್ದಾರೆ. ಅವರ ಹಿಂದೆ ಒಂದು ಕಾಲೇಜಿನ ಅಷ್ಟೂ ಅಧ್ಯಾಪಕರು ಹೊಂಗೆ ಎಲೆಗಳ ಜೊತೆ ಸುತ್ತಿಕೊಂಡು ಕರಗುತ್ತಿದ್ದಾರೆ.

ಪ್ರಿನ್ಸಿಪಾಲರು ಕನ್ನಡಕ ತೆಗೆದು, ಹಾಕಿ, “ನಾನೆಲ್ಲಿ?” ಅಂದರು.

“ಅಗೋ ಸಾ, ಆ ಬೆಳ್ಳಗಿನ ಉಂಡೆ,” ಅಂತ ಅಟೆಂಡರಮ್ಮ ತೋರಿಸಿದರು.

“ಇದು ಆಗಲ್ಲ, ಇನ್ನೊಮ್ಮೆ ತೆಗೀಬೇಕು,” ಅಂದರು ಇಂಗ್ಲಿಷ್ ಮೇಷ್ಟ್ರು.

ಅಟೆಂಡರಮ್ಮ ಫೋಟೋವನ್ನು ಸೆರಗಿನಿಂದ ಒರೆಸಿ ಎದೆಗೊತ್ತಿಕೊಂಡರು. “ಬ್ಯಾಡ ಬುಡಿ ಸಾ. ನೀವೆಲ್ಲ ಮೂವತ್ತು ವರ್ಸ ಚೆಂದಾಗೇ ಬಂದಿದ್ದೀರಲ್ಲ.”

ಹಳೇ ಲೆನ್ಸು ಹಾಕಿಕೊಂಡು ಗ್ರೂಪ್ ಫೋಟೋಗೆ ಹೊರಟವರು ಯಾರಾದರೂ ನಿಮಗೆ ಸಿಕ್ಕರೆ, ಕುರ್ಚಿ ಸರಿದ ಮೇಲೆ ಫೋಕಸ್ಸೂ ಸರಿಯಬೇಕು ಅಂತ ದಯವಿಟ್ಟು ಹೇಳಿ. ನಮ್ಮ ಪ್ರಿನ್ಸಿಪಾಲರಿಗೆ ಮಾತ್ರ ಹೇಳಬೇಡಿ. ಅವರು ಇನ್ನೂ ಅದು ರಷ್ಯಾದವರ ತಪ್ಪು ಅಂತಲೇ ತಿಳಿದಿದ್ದಾರೆ.