ಹುಳಿ ತಾಗಿದರೆ ಆರುವ ಬೆಳಕು

ನಮ್ಮ ಲ್ಯಾಬಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಹೇಳಿದರೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಕೊನೆಯದನ್ನು ಹೇಳುವಾಗ ಮಾತ್ರ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

ಅಂಗಿ

ನಾನು ತುಮಕೂರಿನ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದ ಹೊಸತು. ನಮ್ಮ ಗೈಡ್ ಸರ್ ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುವವರು. ಅವರು ತಯಾರಿಸಿದ್ದು ಕಾಂಜುಗೇಟೆಡ್ ಪಾಲಿಮರ್ ಎಂಬ, ಪ್ಲಾಸ್ಟಿಕ್ಕಿನ ಜಾತಿಯ ಒಂದು ವಸ್ತು. ಹಳದಿ ಬಣ್ಣ, ನೇರಳಾತೀತ ದೀಪ ಹಾಕಿದರೆ ಹಸಿರಾಗಿ ಹೊಳೆಯುತ್ತದೆ. ಆಸಿಡ್ ತಾಗಿತೋ, ಅದು ಹೀರುವ ಬೆಳಕೇ ಬದಲಾಗಿ ಕೆಂಪಾಗುತ್ತದೆ, ಹೊಳಪು ಆರಿಹೋಗುತ್ತದೆ. ಸುಣ್ಣದಂಥದ್ದು ಬೆರೆಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

"ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗಲ್ವೇನಮ್ಮ? ಅದೇ ಆಟ, ಇದು ಉಲ್ಟಾ ಅಷ್ಟೆ" ಅಂದರು ಸರ್. ಹೆಂಡತಿಗೆ ಎಲೆಅಡಿಕೆ ಬಿಡು ಅಂತ ದಿನಾ ಬೈಯುವ ಅವರು, ಆಕೆಯ ಡಬ್ಬಿಯಿಂದಲೇ ಕದ್ದು ತಂದ ಸುಣ್ಣವನ್ನು ತಮ್ಮ ಅಂಗಿಯ ಚಿತ್ರಾನ್ನದ ಕಲೆಗೆ ಒರೆಸಿ ತೋರಿಸಿದರು. ಕಲೆ ರಕ್ತದ ಹಾಗೆ ಕೆಂಪಾಯಿತು.

ಮನೆಯಲ್ಲಿ ಏನಂದರು ಅಂತ ಮರುದಿನ ಕೇಳಿದೆ.

"ಏನಂತಾಳೆ? ಎಲ್ಲಿ ಬಿದ್ರಿ ಅಂತ ಗಾಯಕ್ಕೆ ಅರಿಶಿನ ಹಚ್ಚೋಕೆ ಬಂದ್ಲು."

ಮಧ್ಯಾಹ್ನದ ಮಂಕು

ಬೆಳಿಗ್ಗೆ ಚೆನ್ನಾಗಿ ಹೊಳೆಯುತ್ತಿದ್ದ ಆ ಪಾಲಿಮರ್‌ನ ದ್ರಾವಣ ಊಟದ ನಂತರ ಮಂಕಾಗುತ್ತಿತ್ತು. ಸೆಕೆ, ಕರೆಂಟು, ನನ್ನ ಕೈಗುಣ, ಎಲ್ಲವನ್ನೂ ಅನುಮಾನಿಸಿದ್ದಾಯಿತು. ಕೊನೆಗೆ ನೋಡಿದರೆ, ಪಕ್ಕದ ಕೋಣೆಯಲ್ಲಿ ಮಧ್ಯಾಹ್ನ ಹುಡುಗರ ಪ್ರಾಕ್ಟಿಕಲ್. ಹೈಡ್ರೋಕ್ಲೋರಿಕ್ ಆಸಿಡ್ ಬಾಟಲಿಗೆ ಮುಚ್ಚಳವೇ ಇಲ್ಲ. ಹೋಗಿ ಹೇಳಿದರೆ ಅಲ್ಲಿನ ಮೇಡಂ, "ಓ, ಅದಕ್ಕೇನಾ ನಂಗೆ ದಿನಾ ಮಧ್ಯಾಹ್ನ ಕೆಮ್ಮು ಬರೋದು?" ಅಂದರು.

ಜೊತೆಗೆ ಬಂದಿದ್ದ ಸರ್ ನನ್ನ ಕಡೆ ತಿರುಗಿದರು. "ಇದ್ರಿಂದ ಏನು ಉಪಯೋಗ ಅಂತ ಎಲ್ರೂ ಕೇಳ್ತಿದ್ರಲ್ಲ. ಬರ್ಕೊಳ್ಳಮ್ಮ, ಕೆಮ್ಮಿಗೆ ಒಳ್ಳೇದು."

ಬೀಳ್ಕೊಡುಗೆ

ನಿವೃತ್ತಿಯ ದಿನ ಸರ್‌ಗಿದ್ದದ್ದು ಒಂದೇ ಆಸೆ. ತಮ್ಮ ಭಾನುವಾರಗಳನ್ನೆಲ್ಲ ತಿಂದುಹಾಕಿದ ಆ ಹಸಿರು ಬೆಳಕನ್ನು ಹೆಂಡತಿಗೆ ಒಮ್ಮೆ ತೋರಿಸಬೇಕು. ಅದುವರೆಗೂ ಲ್ಯಾಬಿಗೆ ಕಾಲಿಡದಿದ್ದ ಆಕೆ ರೇಷ್ಮೆ ಸೀರೆ ಉಟ್ಟು ಕುಣಿಗಲ್‌ನಿಂದ ಬಂದರು. ನಾನು ಕಿಟಕಿ ಮುಚ್ಚಿ, ಉಳಿದಿದ್ದ ದ್ರಾವಣವನ್ನೆಲ್ಲ ಫಳಫಳ ಅನ್ನುತ್ತಿದ್ದ ಬಾಟಲಿಗೆ ಸುರಿದು ದೀಪ ಹಾಕಿದೆ. ಏನೂ ಹೊಳೆಯಲಿಲ್ಲ.

ಬೆಳ್ಳಾವಿಯ ಅಟೆಂಡರ್ ಅಕ್ಕ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದರು. "ಅಮ್ಮಾವ್ರು ಬತ್ತಾರೆ ಅಂತ ಎಲ್ಲಾ ಬಾಟ್ಲಿನೂ ದೇವ್ರ ದೀಪ ಉಜ್ಜೋ ಹಂಗೆ ಹುಣಸೆಹಣ್ಣಲ್ಲಿ ಉಜ್ಜಿವ್ನಿ. ಹೊಳಪು ಹೋಯ್ತದೆ ಅಂತ ಆಮೇಲೆ ನೀರೂ ಸೋಕಿಸಿಲ್ಲ, ಬಟ್ಟೇಲಿ ಒರ್ಸಿಟ್ಟೆ."

ಹುಳಿಯನ್ನು ಕಳೆಯಲು ಅಮೋನಿಯಾ ಬೇಕು. ಅದಿದ್ದ ಸ್ಟೋರಿನ ಬೀಗದ ಕೈ ಸ್ಟೋರ್‌ಕೀಪರ್ ಜೇಬಿನಲ್ಲಿ ಗುಬ್ಬಿಗೆ ಮದುವೆಗೆ ಹೋಗಿತ್ತು. ಹೊರಗೆ ಸರ್ ಅವರನ್ನು ಊರಿಗೆ ಬಿಡಲು ಬಂದ ಕಾರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಅಂಗಡಿಗೆ ಓಡಲೂ ಹೊತ್ತಿರಲಿಲ್ಲ. ನನಗೆ ಅಳುವೇ ಬಂತು. ಅಷ್ಟರಲ್ಲಿ ಸರ್ ಮುಖ ಅರಳಿತು.

"ಏನೇ, ನಿನ್ನ ಎಲೆಅಡಿಕೆ ಡಬ್ಬಿ ಕೊಡು. ಚೂರು ಸುಣ್ಣ ಸಾಕು."

ಆಕೆ ಬರಿಗೈ ತೋರಿಸಿದರು.

"ಎಲ್ಲಿ ಸುಣ್ಣ? ಹಲ್ಲು ಹಾಳು, ಹಲ್ಲು ಹಾಳು ಅಂತ ಇಷ್ಟು ವರ್ಷ ಬೈದ್ರಲ್ಲ. ನಾಳೆಯಿಂದ ನೀವು ಮನೇಲೇ ಇರ್ತೀರಿ, ದಿನವೆಲ್ಲಾ ಯಾರು ಬೈಸ್ಕೊಳ್ತಾರೆ ಅಂತ ಇವತ್ತು ಬೆಳಿಗ್ಗೆ ಡಬ್ಬಿ ಎಸೆದುಬಿಟ್ಟೆ ಕಣ್ರೀ."